ಮನೆಯೊಳಗಿನ ಇಲಿಗೆ ಎಷ್ಟು ಜೂಲ್? ಅಗ್ಗದ ಏರ್‌ಗನ್ ಆಯ್ಕೆಯ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಏರ್‌ಗನ್ ಮಾರುವ ಕಡೆ ಮಾತು ಶುರುವಾಗುವುದೇ ವೇಗದಿಂದ. ಸೆಕೆಂಡಿಗೆ ಇಷ್ಟು ಅಡಿ ಎಂಬ ಅಂಕಿ ದೊಡ್ಡದಾದಷ್ಟೂ ಬಂದೂಕು ಒಳ್ಳೆಯದು ಎಂದು ಮಾರುವವರೂ ನಂಬುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಬಯಲಿನಲ್ಲಿ ಆ ನಂಬಿಕೆಗೆ ಒಂದಿಷ್ಟು ಆಧಾರವುಂಟು. ಆದರೆ ಅಡಿಕೆ ತುಂಬಿಟ್ಟ ಕೋಣೆ, ಭತ್ತದ ಕಣಜ, ದಿನಸಿ ಗೋದಾಮು, ಹಂಚಿನ ಮನೆಯ ಅಟ್ಟ, ಇಂಥ ಕಡೆ ಲೆಕ್ಕ ತಿರುಗಿಬೀಳುತ್ತದೆ. ಇಲ್ಲಿ ಗುರಿಯ ದೂರ ಹೆಚ್ಚೆಂದರೆ ಮೂರರಿಂದ ಆರು ಮೀಟರ್. ಗುರಿಯ ಹಿಂದೆ ಸಿಮೆಂಟ್ ಗೋಡೆಯೋ ತಗಡಿನ ಡಬ್ಬವೋ ವಿದ್ಯುತ್ ತಂತಿಯೋ ಇರುತ್ತದೆ. ಪಕ್ಕದ ಕೋಣೆಯಲ್ಲಿ ಮನುಷ್ಯರಿರುತ್ತಾರೆ. ಒಳಾಂಗಣದಲ್ಲಿ ಇಲಿ ಹೊಡೆಯಲು ಅಗ್ಗದ, ಕಡಿಮೆ ಶಕ್ತಿಯ ಏರ್‌ಗನ್ ಬೇಕೆನ್ನುವವರು ನಿಜವಾಗಿ ಯಾವುದನ್ನು ಅಳೆದು ಆರಿಸಬೇಕು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದು ಮೊದಲು ಇತ್ಯರ್ಥವಾಗಬೇಕು, ಬಂದೂಕಿನ ಆಯ್ಕೆ ಅದರ ನಂತರದ್ದು ಎಂಬುದು ನನ್ನ ನಿಲುವು.

ಕಾನೂನಿನಿಂದ ಆರಂಭಿಸೋಣ, ಏಕೆಂದರೆ ಹೆಚ್ಚಿನ ಗೊಂದಲ ಹುಟ್ಟುವುದು ಅಲ್ಲಿಂದ. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಬಾಯಿಯಲ್ಲಿ ಗುಂಡಿನ ಶಕ್ತಿ 20 ಜೂಲ್ ಮೀರಿದರೆ ಅಥವಾ ನಳಿಗೆಯ ವ್ಯಾಸ 0.177 ಅಂಗುಲ, ಅಂದರೆ 4.5 ಮಿ.ಮೀ. ಮೀರಿದರೆ ಪರವಾನಗಿ ಬೇಕು. ಅದಕ್ಕಿಂತ ಕೆಳಗಿನದಕ್ಕೆ ಬೇಡ. ಪರವಾನಗಿ ಬೇಡ ಎಂಬುದನ್ನೇ ಜನ ‘ಅಪಾಯವಿಲ್ಲ’ ಎಂದು ಓದಿಕೊಳ್ಳುತ್ತಾರೆ. 20 ಜೂಲ್ ಅಂದರೆ 0.53 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 275 ಮೀಟರ್ ವೇಗದಲ್ಲಿ ಹೊರಡುವುದು. ಬೇರೆ ದೇಶಗಳ ಮಿತಿಗಳ ಪಕ್ಕದಲ್ಲಿಟ್ಟರೆ ಇದು ಎಷ್ಟು ಉದಾರವೆಂದು ಕಾಣುತ್ತದೆ. ಬ್ರಿಟನ್ 1969ರ ನಿಯಮಗಳಲ್ಲಿ ಏರ್ ರೈಫಲ್‌ಗೆ 12 ಅಡಿ-ಪೌಂಡ್, ಅಂದರೆ 16.3 ಜೂಲ್, ಏರ್ ಪಿಸ್ತೂಲಿಗೆ 6 ಅಡಿ-ಪೌಂಡ್, ಅಂದರೆ 8.1 ಜೂಲ್ ಎಂದು ಗೆರೆ ಎಳೆಯಿತು. ಜರ್ಮನಿಯಲ್ಲಿ ಪ್ರಾಪ್ತವಯಸ್ಕರು ಪರವಾನಗಿಯಿಲ್ಲದೆ ಕೊಳ್ಳಬಹುದಾದ ಏರ್‌ಗನ್ನಿನ ಮಿತಿ 7.5 ಜೂಲ್, ಅಂಥ ಬಂದೂಕಿನ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ ‘ಎಫ್’ ಅಕ್ಷರ ಕೊರೆದಿರುತ್ತದೆ. ಈ ಮೂರರಲ್ಲಿ ಯಾವುದೂ ಕೋಣೆಯೊಳಗೆ ಇಲಿ ಹೊಡೆಯುವುದನ್ನು ನೆನೆದು ಮಾಡಿದ್ದಲ್ಲ. ಆದರೂ ಕಾಕತಾಳೀಯವಾಗಿ ಜರ್ಮನಿಯ ಅಂಕಿ ನಮ್ಮ ಕೆಲಸಕ್ಕೆ ತುಂಬ ಹತ್ತಿರ ಬರುತ್ತದೆ. ಹತ್ತು ಮೀಟರ್ ಸ್ಪರ್ಧೆಯ ಏರ್ ರೈಫಲ್ ಕೂಡ ಹೆಚ್ಚುಕಡಿಮೆ ಇದೇ ಶಕ್ತಿಯದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ವರ್ಗದಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕಿಯ ವ್ಯಾಸ ಅರ್ಧ ಮಿಲಿಮೀಟರ್. ಕಡಿಮೆ ಶಕ್ತಿಯ ಬಂದೂಕು ಗುರಿ ಮುಟ್ಟುವುದಿಲ್ಲ ಎನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ.

ಹಾಗಾದರೆ ಕೆಳಗಿನ ಮಿತಿ ಯಾವುದು? ಇದಕ್ಕೆ ಉತ್ತರ ಇಲಿಯ ಮೇಲಿನ ಪ್ರಯೋಗಗಳಿಗಿಂತ ಮನುಷ್ಯರ ಗಾಯಗಳ ಅಧ್ಯಯನದಿಂದ ಚೆನ್ನಾಗಿ ಸಿಗುತ್ತದೆ. ಅಮೆರಿಕದ ವಿಧಿವಿಜ್ಞಾನ ವೈದ್ಯ ವಿನ್ಸೆಂಟ್ ಡಿಮಯೊ ಮತ್ತು ಸಂಗಡಿಗರು 1982ರಲ್ಲಿ ಮೃತದೇಹಗಳ ಕಾಲಿನ ಮೇಲೆ ಗುಂಡು ಹಾರಿಸಿ, ಚರ್ಮ ತೂರಲು ಬೇಕಾದ ಕನಿಷ್ಠ ವೇಗವನ್ನು ಗುರುತಿಸಿದರು. 0.177 ಅಂಗುಲದ, 8.25 ಗ್ರೇನ್ ತೂಕದ ಗುಂಡಿಗೆ ಅದು ಸೆಕೆಂಡಿಗೆ 101 ಮೀಟರ್, 0.22 ಅಂಗುಲದ, 16.5 ಗ್ರೇನ್ ಗುಂಡಿಗೆ 75 ಮೀಟರ್. ಶಕ್ತಿಗೆ ಪರಿವರ್ತಿಸಿದರೆ ಎರಡೂ ಮೂರು ಜೂಲ್‌ನ ಆಸುಪಾಸಿಗೆ ಬರುತ್ತವೆ: ಮೊದಲನೆಯದು ಸುಮಾರು 2.7, ಎರಡನೆಯದು ಸುಮಾರು 3. ಕಣ್ಣಿಗೆ ಇಷ್ಟೂ ಬೇಡ, ಇದಕ್ಕಿಂತ ಎಷ್ಟೋ ಕಡಿಮೆ ಸಾಕು.

ಈ ಅಂಕಿಗಳು ಒಂದು ಅಹಿತಕರ ಸತ್ಯವನ್ನು ಮುಂದಿಡುತ್ತವೆ. ದೊಡ್ಡ ಇಲಿಯ ತಲೆಬುರುಡೆಯನ್ನು ಖಚಿತವಾಗಿ ಭೇದಿಸಬೇಕಾದರೆ ಗುಂಡಿಗೆ ಮನುಷ್ಯನ ಚರ್ಮ ತೂರುವಷ್ಟು ಶಕ್ತಿಯಂತೂ ಇರಲೇಬೇಕು. ‘ಇಲಿಗೆ ಸಾಕು, ಮಕ್ಕಳಿಗೆ ಅಪಾಯವಿಲ್ಲ’ ಎನ್ನಬಹುದಾದ ಬಂದೂಕು ಇಲ್ಲ. ಆ ಎರಡರ ನಡುವೆ ಸಂದು ಇದೆಯೆಂದು ಹೇಳುವ ಜಾಹೀರಾತನ್ನು ಅಲ್ಲಿಗೇ ಬಿಡಬಹುದು. ಕಡಿಮೆ ಶಕ್ತಿಯ ಲಾಭ ಬೇರೆ: ಗೋಡೆ, ಹಂಚು, ಬಾಗಿಲ ಹಲಗೆಗಳನ್ನು ದಾಟಿಹೋಗುವ ಸಂಭವ ಕಡಿಮೆಯಾಗುತ್ತದೆ, ಹಿಂದೆ ಇಟ್ಟ ತಡೆ ಚಿಕ್ಕದಿದ್ದರೂ ಸಾಲುತ್ತದೆ, ಸದ್ದು ಕಡಿಮೆ, ನಳಿಗೆ ಮಡಚಿ ಸ್ಪ್ರಿಂಗ್ ಏರಿಸಲು ರಟ್ಟೆಬಲ ಕಡಿಮೆ ಸಾಕು. ಇವೆಲ್ಲ ನಿಜವಾದ ಲಾಭಗಳೇ. ಆದರೆ ಇವುಗಳಲ್ಲಿ ಯಾವುದಕ್ಕೂ ಸುರಕ್ಷತೆ ಎಂಬ ಹೆಸರು ಸಲ್ಲದು.

ಐದು ಮೀಟರ್ ದೂರದಲ್ಲಿ ಗುಂಡು ಕಳೆದುಕೊಳ್ಳುವ ವೇಗ ನೂರಕ್ಕೆ ಕೆಲವೇ ಪಾಲು. ಹಾಗಾಗಿ ನಳಿಗೆಯ ಶಕ್ತಿಯನ್ನೇ ತಾಗುವ ಶಕ್ತಿ ಎಂದು ಹಿಡಿದರೆ ತಪ್ಪಿಲ್ಲ. ಎಲ್ಲ ಸೇರಿಸಿ ನೋಡಿದರೆ, ಒಳಾಂಗಣದ ಇಲಿಗೆ ನಾಲ್ಕೈದು ಜೂಲ್‌ನಿಂದ ಏಳೂವರೆ ಜೂಲ್‌ವರೆಗಿನ 4.5 ಮಿ.ಮೀ. ಬಂದೂಕು ಸರಿ ಎಂಬುದು ನನ್ನ ಅಂದಾಜು. ಅದಕ್ಕಿಂತ ಕೆಳಗಿನ, ಒಂದೂವರೆ ಜೂಲ್‌ನ ಆಟಿಕೆಯಂಥ ಸ್ಪ್ರಿಂಗ್ ಪಿಸ್ತೂಲುಗಳು ಕೊಲ್ಲುವುದಿಲ್ಲ, ಗಾಯ ಮಾಡುತ್ತವೆ. ಗಾಯಗೊಂಡ ಇಲಿ ಬಿಲ ಸೇರಿ ದಿನಗಟ್ಟಲೆ ನರಳಿ ಸಾಯುತ್ತದೆ, ಆಮೇಲೆ ಮನೆಯೆಲ್ಲ ವಾಸನೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಾಣಿಯನ್ನು ಅನಗತ್ಯ ಕ್ರೌರ್ಯದಿಂದ ಕೊಲ್ಲುವುದನ್ನು ಅಪರಾಧವೆನ್ನುತ್ತದೆ ಎಂಬುದನ್ನೂ ಇಲ್ಲೇ ನೆನೆಯಬಹುದು.

ಕನಿಷ್ಠ ಶಕ್ತಿಯ ತುತ್ತತುದಿಯಲ್ಲಿರುವ ಒಂದು ವಿನೋದದ ಸಾಧನವನ್ನೂ ಹೆಸರಿಸಬೇಕು. ಕ್ಯಾಲಿಫೋರ್ನಿಯಾದ ಕಲಾವಿದ ಲೊರೆಂಜೊ ಮ್ಯಾಜೋರೆ 2012ರಲ್ಲಿ ಜನರಿಂದ ಹಣ ಸಂಗ್ರಹಿಸಿ ಮಾರುಕಟ್ಟೆಗೆ ತಂದ ‘ಬಗ್-ಎ-ಸಾಲ್ಟ್’ ಸ್ಪ್ರಿಂಗ್ ಒತ್ತಿದ ಗಾಳಿಯಿಂದ ಚಿಟಿಕೆ ಅಡುಗೆ ಉಪ್ಪನ್ನು ನೊಣದ ಮೇಲೆ ಚಿಮ್ಮಿಸುತ್ತದೆ. ಒಂದು ಮೀಟರ್ ಆಚೆಗೆ ಅದು ಹೆಚ್ಚೇನೂ ಮಾಡದು. ಮನೆಯೊಳಗಿನ ಕೀಟಕ್ಕೆಂದೇ ಹುಟ್ಟಿದ ಏರ್‌ಗನ್ ಇದು. ಆದರೂ ಕಣ್ಣಿಗೆ ಗುರಿ ಮಾಡಬೇಡಿ ಎಂಬ ಎಚ್ಚರಿಕೆ ಇದಕ್ಕೂ ತಪ್ಪಿಲ್ಲ.

ಈಗ ಅಳತೆಯ ಮಾತು. ಅಗ್ಗದ ಬಂದೂಕಿನ ಪೆಟ್ಟಿಗೆಯ ಮೇಲೆ ಬರೆದ ವೇಗವನ್ನು ಸಾಮಾನ್ಯವಾಗಿ ಅತಿ ಹಗುರ ಗುಂಡು ಹಾಕಿ ಪಡೆದಿರುತ್ತಾರೆ. ಸೆಕೆಂಡಿಗೆ ಸಾವಿರ ಅಡಿ, ಅಂದರೆ 305 ಮೀಟರ್ ಎಂದು ಬರೆದದ್ದು 0.34 ಗ್ರಾಂನ ಮಿಶ್ರಲೋಹದ ಗುಂಡಿನಿಂದ ಬಂದಿದ್ದರೆ ಶಕ್ತಿ ಸುಮಾರು 16 ಜೂಲ್. ಅದೇ ವೇಗ 0.53 ಗ್ರಾಂನ ಸೀಸದ ಗುಂಡಿಗೂ ಉಂಟೆಂದಾದರೆ ಸುಮಾರು 25 ಜೂಲ್, ಅಂದರೆ ಪರವಾನಗಿಯ ಗೆರೆ ದಾಟಿದ ಬಂದೂಕು. ತೂಕ ಹೇಳದ ವೇಗದಿಂದ ಏನೂ ತಿಳಿಯದು. ವೇಗ ಅಳೆಯುವ ಕ್ರೋನೋಗ್ರಾಫ್ ಯಂತ್ರಗಳು ಈಗ ಸಿಗುತ್ತವೆ, ಆದರೆ ಅಗ್ಗದ ಬಂದೂಕಿಗಾಗಿ ದುಬಾರಿ ಯಂತ್ರ ಕೊಳ್ಳುವುದು ಯಾರಿಗೂ ಸರಿ ಕಾಣದು. ಇದಕ್ಕೊಂದು ಹಳೆಯ ದಾರಿಯಿದೆ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಫಿರಂಗಿಶಾಸ್ತ್ರದ ಗ್ರಂಥದಲ್ಲಿ ತೂಗುಹಲಗೆಗೆ ಗುಂಡು ಹೊಡೆದು, ಅದು ಎಷ್ಟು ತೂಗಿತು ಎಂಬುದರಿಂದ ವೇಗ ತೆಗೆಯುವ ವಿಧಾನವನ್ನು ವಿವರಿಸಿದ. ಕೋವಿಗೆ ಹೊಂದಿದ್ದು ಏರ್‌ಗನ್ನಿಗೂ ಹೊಂದುತ್ತದೆ.

ಜೇಡಿಮಣ್ಣೋ ಮೇಣದಂಥ ಮೆತ್ತನೆ ವಸ್ತುವೋ ತುಂಬಿದ, ಒಟ್ಟು 150 ಗ್ರಾಂ ತೂಕದ ಸಣ್ಣ ಡಬ್ಬಿಯನ್ನು ಒಂದು ಮೀಟರ್ ಉದ್ದದ ಎರಡು ಜೋಡಿ ದಾರಗಳಿಂದ ಸಮನಾಗಿ ತೂಗುಬಿಡಬೇಕು. ಒಂದೇ ದಾರವಾದರೆ ಡಬ್ಬಿ ತಿರುಚಿಕೊಂಡು ಲೆಕ್ಕ ಕೆಡುತ್ತದೆ. ಡಬ್ಬಿಯ ಹಿಂದೆ, ಅದರ ತೂಗಾಟಕ್ಕೆ ಅಡ್ಡಬಾರದಂತೆ, ದಪ್ಪನೆಯ ತಡೆ ಇರಬೇಕು. ಗುಂಡು ಮಣ್ಣಿನಲ್ಲಿ ಹೂತುಕೊಂಡಾಗ ಡಬ್ಬಿ ಹಿಂದೆ ಸರಿದ ದೂರವನ್ನು ಅಡ್ಡಲಾಗಿಟ್ಟ ಅಳತೆಪಟ್ಟಿಯಿಂದ ಓದಿಕೊಂಡರಾಯಿತು. 0.53 ಗ್ರಾಂ ಗುಂಡಿಗೆ ಈ ಲೆಕ್ಕ ಹೀಗೆ ಬರುತ್ತದೆ: ಡಬ್ಬಿ ಎಂಟೂವರೆ ಸೆಂಟಿಮೀಟರ್ ಸರಿದರೆ ಸುಮಾರು ಒಂದೂವರೆ ಜೂಲ್, ಹದಿನಾಲ್ಕು ಸೆಂ.ಮೀ. ಸರಿದರೆ ನಾಲ್ಕು ಜೂಲ್, ಹತ್ತೊಂಬತ್ತಾದರೆ ಏಳೂವರೆ, ಮೂವತ್ತೊಂದರ ಹತ್ತಿರ ಹೋದರೆ ಇಪ್ಪತ್ತು. ದೂರವು ವೇಗಕ್ಕೆ ಅನುಪಾತದಲ್ಲಿ ಏರುತ್ತದೆ, ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿ. ಹೊಸ ಬಂದೂಕಿನ ಮೊದಲ ಕೆಲವು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಕಾರ್ಖಾನೆಯಲ್ಲಿ ಹೆಚ್ಚಾಗಿ ಹಚ್ಚಿದ ಎಣ್ಣೆ ಒತ್ತಿದ ಗಾಳಿಯ ಬಿಸಿಗೆ ಹೊತ್ತಿಕೊಂಡು ವೇಗವನ್ನು ಹುಸಿಯಾಗಿ ಏರಿಸುತ್ತದೆ. ವೇಗ ಹೆಚ್ಚಲಿ ಎಂದು ಎಣ್ಣೆ ಸುರಿಯುವವರಿದ್ದಾರೆ. ಅವರು ಸ್ಪ್ರಿಂಗನ್ನೂ ಸೀಲನ್ನೂ ಬೇಗ ಕಳೆದುಕೊಳ್ಳುತ್ತಾರೆ.

ಯಾವ ಬಗೆಯ ಯಂತ್ರ? ನಮ್ಮಲ್ಲಿ ಅಗ್ಗದ್ದೆಂದರೆ ನಳಿಗೆ ಮಡಚಿ ಸ್ಪ್ರಿಂಗ್ ಏರಿಸುವ ಬಂದೂಕು. ಅದೇ ಸಾಕು ಎಂಬುದು ನನ್ನ ತೀರ್ಮಾನ, ಆದರೆ ಪರ್ಯಾಯಗಳನ್ನು ನೋಡದೆ ಹಾಗೆನ್ನುವುದು ಸರಿಯಲ್ಲ. ತತ್ತ್ವದ ದೃಷ್ಟಿಯಿಂದ ಒಳಾಂಗಣಕ್ಕೆ ಹೆಚ್ಚು ಒಪ್ಪುವುದು ಕೈಯಿಂದ ಹಲವು ಸಲ ಪಂಪ್ ಮಾಡುವ ಅಮೆರಿಕದ ಮಾದರಿ. ಕ್ರಾಸ್‌ಮನ್ ಕಂಪನಿಯ 1377 ಪಿಸ್ತೂಲಿಗೆ ಮೂರರಿಂದ ಹತ್ತರವರೆಗೆ ಪಂಪ್ ಹೊಡೆಯಬಹುದು. ಎಷ್ಟು ಪಂಪೋ ಅಷ್ಟು ಶಕ್ತಿ. ಕೋಣೆಗೆ ತಕ್ಕಂತೆ ಶಕ್ತಿ ತಗ್ಗಿಸುವ ಈ ಅನುಕೂಲ ಸ್ಪ್ರಿಂಗ್ ಬಂದೂಕಿಗೆ ಇಲ್ಲ. ಆದರೆ ನಮ್ಮ ಪೇಟೆಯಲ್ಲಿ ಈ ಬಗೆ ಅಪರೂಪ, ಸಿಕ್ಕಿದರೂ ಅಗ್ಗವಲ್ಲ. ಜೊತೆಗೆ ಪಂಪಿನ ಟಕಟಕ ಸದ್ದಿಗೆ ಇಲಿ ಕಾದು ಕೂರುವುದಿಲ್ಲ.

ಇಂಗಾಲದ ಡೈಆಕ್ಸೈಡ್‌ನ 12 ಗ್ರಾಂ ಸಿಲಿಂಡರ್ ಹಾಕುವ ಪಿಸ್ತೂಲುಗಳು ನೋಡಲು ಚೆಂದ, ಬೆಲೆಯೂ ಆಕರ್ಷಕ. ಆದರೆ ಅವು ನಮ್ಮ ಹವಾಮಾನಕ್ಕೆ ಹೊಂದುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಲಿಂಡರಿನೊಳಗೆ ದ್ರವವೂ ಆವಿಯೂ ಜೊತೆಯಾಗಿದ್ದು ಒತ್ತಡ 57 ಬಾರ್‌ನ ಸುತ್ತ ಸ್ಥಿರವಾಗಿರುತ್ತದೆ. ದ್ರವ ಮುಗಿಯುವವರೆಗೂ ಒಂದೇ ಒತ್ತಡ ಸಿಗುವುದೇ ಈ ಏರ್ಪಾಟಿನ ಜಾಣ್ಮೆ. ಆದರೆ ಈ ಅನಿಲದ ಸಂದಿಗ್ಧ ಉಷ್ಣಾಂಶ 31 ಡಿಗ್ರಿ. ಅದನ್ನು ಮೀರಿದರೆ ದ್ರವ ಎಂಬುದೇ ಉಳಿಯುವುದಿಲ್ಲ, ಒತ್ತಡ ಬಿಸಿಲಿನ ಜೊತೆ ಏರುತ್ತ ಹೋಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ತಗಡಿನ ಗೋದಾಮಿನೊಳಗೆ ಅಂಥ ಪಿಸ್ತೂಲಿನ ಶಕ್ತಿ ಎಷ್ಟೆಂದು ಹೊಡೆಯುವ ಮುನ್ನ ಯಾರೂ ಹೇಳಲಾರರು; ಒತ್ತಡ ಮಿತಿಮೀರಿದರೆ ಕವಾಟ ತೆರೆಯದೆ ಕಚ್ಚಿಕೊಳ್ಳುವುದೂ ಉಂಟು. ಮೇಲಾಗಿ ಈ ಪಿಸ್ತೂಲುಗಳಲ್ಲಿ ಹಲವು ಉಕ್ಕಿನ ಗೋಲಿ ಹಾರಿಸುವಂಥವು.

ಉಕ್ಕಿನ ಗೋಲಿಯ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯಿಲ್ಲ: ಕೋಣೆಯೊಳಗೆ ಅದು ಬೇಡವೇ ಬೇಡ. ಸೀಸದ ಗುಂಡು ಗಟ್ಟಿ ಗೋಡೆಗೆ ಬಡಿದಾಗ ಚಪ್ಪಟೆಯಾಗಿ ತನ್ನ ಶಕ್ತಿಯ ಬಹುಪಾಲನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಉಕ್ಕಿನ ಗೋಲಿ ಕೇರಂ ಸ್ಟ್ರೈಕರ್‌ನಂತೆ ಪುಟಿದು ವಾಪಸು ಬರುತ್ತದೆ, ಹೊಡೆದವನ ಮುಖಕ್ಕೇ ಬಂದರೂ ಬರಬಹುದು. ಅದನ್ನು ಹಾರಿಸುವ ನಯನಳಿಗೆಯಲ್ಲಿ ಸುರುಳಿ ಗೀರುಗಳೂ ಇರುವುದಿಲ್ಲವಾಗಿ ಗುರಿಯೂ ಚದುರುತ್ತದೆ. ಸೀಸವಿಲ್ಲದ ತವರ ಮತ್ತು ಸತುವಿನ ಮಿಶ್ರಲೋಹದ ಗುಂಡುಗಳು ಇವೆರಡರ ನಡುವೆ ನಿಲ್ಲುತ್ತವೆ: ವಿಷದ ದೃಷ್ಟಿಯಿಂದ ಮೇಲು, ಪುಟಿಯುವ ದೃಷ್ಟಿಯಿಂದ ಸೀಸಕ್ಕಿಂತ ಕೀಳು. ಧಾನ್ಯ ಹರಡಿದ ಕಡೆ ಸೀಸದ ಚೂರು ಉದುರಬಾರದು. ಆದ್ದರಿಂದ ಕಣಜದಲ್ಲಿ ಮಿಶ್ರಲೋಹವನ್ನು ಒಳ್ಳೆಯ ತಡೆಯ ಜೊತೆ, ಬರಿಗೋಡೆಯ ಕೋಣೆಯಲ್ಲಿ ಸೀಸವನ್ನು ಬಳಸುವುದು ನನಗೆ ಸರಿ ಕಾಣುತ್ತದೆ.

ದುರ್ಬೀನು ಕೊಡುಗೆಯಾಗಿ ಬಂದರೂ ಬಿಚ್ಚಿಡಬೇಕು. ಅದರ ಅಕ್ಷ ನಳಿಗೆಯ ಅಕ್ಷಕ್ಕಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲಿದ್ದು 20 ಮೀಟರ್‌ಗೆ ಗುರಿ ಹೊಂದಿಸಿದ್ದರೆ, ನಾಲ್ಕು ಮೀಟರ್‌ನಲ್ಲಿ ಗುಂಡು ಸುಮಾರು ಎರಡರಿಂದ ಎರಡೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಇಲಿಯ ಕಣ್ಣು ಕಿವಿಗಳ ನಡುವಿನ, ಹೊಡೆಯಬೇಕಾದ ಜಾಗದ ಅಗಲ ಎರಡು ಸೆಂಟಿಮೀಟರೂ ಇಲ್ಲ. ತಲೆಗೆ ಗುರಿಯಿಟ್ಟವನು ಗಂಟಲಿಗೋ ನೆಲಕ್ಕೋ ಹೊಡೆದಿರುತ್ತಾನೆ. ಸಾಲದ್ದಕ್ಕೆ ಅಗ್ಗದ ದುರ್ಬೀನಿನಲ್ಲಿ ನಾಲ್ಕು ಮೀಟರ್ ದೂರದ ವಸ್ತು ಮಸುಕು ಮಸುಕು. ನಳಿಗೆಗೆ ಹತ್ತಿರವಿರುವ ಬರಿಯ ಕಬ್ಬಿಣದ ಗುರಿಕಡ್ಡಿಯನ್ನು ಆ ಕೋಣೆಯ ದೂರಕ್ಕೇ ಹೊಂದಿಸಿಕೊಂಡರೆ ಈ ತಾಪತ್ರಯವಿಲ್ಲ. ಬೆಳಕಿಗೆ ಕೆಂಪು ಪಾರದರ್ಶಕ ಹಾಳೆ ಸುತ್ತಿದ ಟಾರ್ಚ್ ಸಾಕು. ಇಲಿಯ ಕಣ್ಣಿಗೆ ಕೆಂಪು ಬೆಳಕು ಬಹಳ ಮಂದವಾಗಿ ಕಾಣುತ್ತದೆ.

ಇಷ್ಟಾದ ಮೇಲೆ ತಡೆಯ ಮಾತು. ಇದನ್ನು ನಾನು ಮೊದಲಿಗೇ ಇಡಬೇಕಿತ್ತು ಎನ್ನುವವರಿರಬಹುದು, ಆದರೆ ಶಕ್ತಿಯ ಅಂಕಿಯಿಲ್ಲದೆ ತಡೆಯ ದಪ್ಪ ಹೇಳಲಾಗದು. ಇಲಿ ಎಲ್ಲಿ ಕಂಡರೆ ಅಲ್ಲಿ ಹೊಡೆಯುವುದು ಬೇಟೆಯ ರೂಢಿ. ಕೋಣೆಯೊಳಗೆ ಹೊಡೆಯುವ ಜಾಗವನ್ನು ನಾವು ಮೊದಲೇ ಗೊತ್ತುಮಾಡಿ ಇಲಿಯನ್ನು ಅಲ್ಲಿಗೆ ಕರೆಸಬೇಕು. ಬೋನಿಡುವವರು ಮೊದಲ ಕೆಲವು ರಾತ್ರಿ ಬರಿಯ ತಿಂಡಿ ಇಟ್ಟು ಇಲಿಯ ಅಂಜಿಕೆ ಬಿಡಿಸುತ್ತಾರಲ್ಲ, ಅದೇ ಕ್ರಮ. ಸುಟ್ಟ ಕೊಬ್ಬರಿ ಚೂರನ್ನೋ ಶೇಂಗಾವನ್ನೋ ಮರದ ಪೆಟ್ಟಿಗೆಯ ಬಾಯಿಗೆ ಇಟ್ಟು, ಪೆಟ್ಟಿಗೆಯೊಳಗೆ ಹಳೆಯ ಬಟ್ಟೆಯನ್ನು ಬಿಗಿಯಾಗಿ ತುರುಕಿ, ಅದರ ಮುಂದೆ ಮಡಿಸಿದ ಗೋಣಿಯನ್ನು ಇಳಿಬಿಡಬೇಕು. ಸಡಿಲವಾಗಿ ತೂಗುವ ಬಟ್ಟೆ ಗುಂಡಿನ ಜೊತೆ ತಾನೂ ಸರಿದು ಅದರ ವೇಗವನ್ನು ನುಂಗುತ್ತದೆ. ಪೆಟ್ಟಿಗೆಯ ಹಿಂಬದಿಗೆ ಬಿಳಿ ಕಾಗದ ಅಂಟಿಸಿ ನಾಲ್ಕಾರು ಬಾರಿ ಹೊಡೆದು, ಕಾಗದಕ್ಕೆ ಗುರುತೂ ಆಗದಿದ್ದರೆ ಮಾತ್ರ ಅದನ್ನು ತಡೆ ಎನ್ನಬಹುದು. ಜಂತಿಯ ಮೇಲೆ ಓಡುವ ಇಲಿಗೆ ಕೆಳಗಿನಿಂದ ಹೊಡೆಯಲೇಬಾರದು. ಅಲ್ಲಿ ತಡೆ ಎಂದರೆ ಹಂಚು, ಹಂಚಿನಾಚೆ ಬೀದಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಪಾರಿವಾಳಕ್ಕೆ ಏರ್‌ಗನ್ ಎತ್ತುವವರ ಸ್ಥಿತಿಯೂ ಇದೇ. ಅಲ್ಲಿ ಬಲೆ ಕಟ್ಟುವುದೇ ಉಪಾಯ. ಇತರರ ಸುರಕ್ಷತೆಗೆ ಅಪಾಯ ತರುವ ಅವಿವೇಕದ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ, ಬಂದೂಕಿಗೆ ಪರವಾನಗಿ ಬೇಕಿಲ್ಲ ಎಂಬುದು ಅಲ್ಲಿ ಸಮರ್ಥನೆಯಾಗದು.

ಯಾವ ಪ್ರಾಣಿ ಎಂಬುದೂ ಮುಖ್ಯ. ಮನೆ ಇಲಿಗೂ ಹೆಗ್ಗಣಕ್ಕೂ ಅಜಗಜಾಂತರ. ಮನೆ ಇಲಿ ಇನ್ನೂರು ಗ್ರಾಂ ಆಸುಪಾಸಿನದು, ದೊಡ್ಡ ಹೆಗ್ಗಣ ಒಂದು ಕಿಲೋ ಮುಟ್ಟಬಲ್ಲದು. ಹೆಗ್ಗಣಕ್ಕೆ ಏಳೂವರೆ ಜೂಲ್ ಕಡೆಯ ಗೆರೆ. ಅದು ಬಿಲ ತೋಡುವುದೂ ಹೆಚ್ಚಾಗಿ ಹೊರಗಡೆಯೇ ಆದ್ದರಿಂದ ಅದನ್ನು ಈ ಟಿಪ್ಪಣಿಯಿಂದ ಕೈಬಿಡುತ್ತೇನೆ. ಗೋಡೆಯಂಚಿನಲ್ಲಿ ಚೀ ಚೀ ಎನ್ನುತ್ತ ಓಡುವ ಮೂಗಿಲಿಯನ್ನು ಇಲಿಯೆಂದು ಹೊಡೆಯುವವರು ಬಹಳ. ಅದು ಇಲಿಯ ಕುಲದ್ದೇ ಅಲ್ಲ. ಜಿರಳೆ, ಹುಳು ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ಅಟ್ಟ ಸೇರುವ ಪುನುಗು ಬೆಕ್ಕು, ಮುಂಗುಸಿ, ಗೂಬೆಗಳು ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ. 1972ರ ಆ ಕಾಯಿದೆಯ ಐದನೆಯ ಅನುಸೂಚಿ ಇಲಿ, ಕಾಗೆ, ಹಣ್ಣುಬಾವಲಿಗಳನ್ನು ಪೀಡಕವೆಂದು ಪಟ್ಟಿ ಮಾಡಿತ್ತು. 2022ರ ತಿದ್ದುಪಡಿಯಲ್ಲಿ ಆರು ಅನುಸೂಚಿಗಳು ನಾಲ್ಕಾದಾಗ ಆ ಪಟ್ಟಿಯೇ ಹೋಯಿತು. ಹಳೆಯ ಪಟ್ಟಿಯ ನೆನಪಿನಲ್ಲಿ ಬಾವಲಿಗೆ ಗುರಿಯಿಡುವವರು ಇದನ್ನು ತಿಳಿದಿರಬೇಕು. ಪರವಾನಗಿಯಿಲ್ಲದ ಅಗ್ಗದ ಏರ್‌ಗನ್ ಮನೆಮನೆ ಸೇರಿದರೆ ಏನಾಗುತ್ತದೆಂಬುದಕ್ಕೆ ಅರುಣಾಚಲ ಪ್ರದೇಶ ಕಣ್ಣೆದುರಿಗಿದೆ. ಅಲ್ಲಿ ಹಕ್ಕಿಗಳ ಬೇಟೆ ಎಷ್ಟು ಹೆಚ್ಚಿತೆಂದರೆ 2021ರ ಮಾರ್ಚ್‌ನಲ್ಲಿ ಸರ್ಕಾರವೇ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭಿಸಬೇಕಾಯಿತು, ಜನ ನೂರಾರು ಸಂಖ್ಯೆಯಲ್ಲಿ ಬಂದೂಕು ತಂದೊಪ್ಪಿಸಿದರು.

ಬಂದೂಕಿನಿಂದ ಇಲಿಯ ಸಂಖ್ಯೆ ತಗ್ಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಹೆಣ್ಣಿಲಿ ಮೂರು ವಾರದ ಬಸಿರಿನಲ್ಲಿ ಆರೆಂಟು ಮರಿ ಹಾಕುತ್ತದೆ, ಆ ಮರಿಗಳು ಎರಡು ಮೂರು ತಿಂಗಳಿಗೆ ತಾವೂ ಈಯುತ್ತವೆ. ರಾತ್ರಿಗೊಂದು ಹೊಡೆಯುವವನು ಈ ಲೆಕ್ಕವನ್ನು ಎಂದೂ ಹಿಡಿಯಲಾರ. ಅರ್ಧ ಅಂಗುಲದ ಸಂದಿನಲ್ಲಿ ಇಲಿ ನುಸುಳಬಲ್ಲದು, ಕಾಲಂಗುಲದಲ್ಲಿ ಚಿಟ್ಟಿಲಿ. ಆ ಸಂದುಗಳನ್ನು ಮುಚ್ಚುವುದು, ಧಾನ್ಯವನ್ನು ಮುಚ್ಚಳದೊಳಗಿಡುವುದು, ಸ್ಪ್ರಿಂಗ್ ಬೋನು ಒಡ್ಡುವುದು ಇವೇ ಮುಖ್ಯ ಕೆಲಸ. ಏರ್‌ಗನ್ನಿಗೆ ಉಳಿಯುವುದು ಒಂದು ಇಕ್ಕಟ್ಟಿನ ಜಾಗ: ಹೊಸ ವಸ್ತುವನ್ನು ಕಂಡರೆ ದೂರವಿರುವ, ಬೋನಿಗೂ ಪಾಷಾಣಕ್ಕೂ ಬಗ್ಗದ ಒಂದೋ ಎರಡೋ ಹಳೆಯ ಇಲಿ, ಇಲ್ಲವೇ ಮಕ್ಕಳೂ ಸಾಕುಪ್ರಾಣಿಯೂ ಇರುವುದರಿಂದ ಪಾಷಾಣ ಇಡಲಾಗದ ಗೋದಾಮು. ಅಲ್ಲಿಗೆ ನಾನು ಸೂಚಿಸುವುದು ನಾಲ್ಕೈದರಿಂದ ಏಳೂವರೆ ಜೂಲ್‌ನ, ಸುರುಳಿ ಗೀರಿನ 4.5 ಮಿ.ಮೀ. ನಳಿಗೆಯ, ಒಂದೇ ಗುಂಡಿನ ಮಡಚು ಬಂದೂಕು. ಮಡಚಿದ ಕೂಡಲೇ ತಾನಾಗಿ ಬೀಳುವ ಸುರಕ್ಷಾ ಕೀಲಿ ಇರುವಂಥದ್ದು. ಇಂಥ ಹಲವು ಮಾದರಿಗಳಲ್ಲಿ ಒಮ್ಮೆ ಸ್ಪ್ರಿಂಗ್ ಏರಿಸಿದರೆ ಹೊಡೆಯದೆ ಇಳಿಸಲು ಬರುವುದಿಲ್ಲ. ಇಲಿ ಬಾರದಿದ್ದರೂ ಆ ತಡೆಯ ಪೆಟ್ಟಿಗೆಗೇ ಒಂದು ಗುಂಡು ಹೊಡೆದು ಬಂದೂಕು ಬರಿದು ಮಾಡಿ ಮಲಗಬೇಕಾಗುತ್ತದೆ, ಆದ್ದರಿಂದ ಪೆಟ್ಟಿಗೆಯ ಖರ್ಚನ್ನು ಬಂದೂಕಿನ ಬೆಲೆಗೇ ಸೇರಿಸಿ ಲೆಕ್ಕ ಹಾಕುವುದು ಸರಿ. ಕಣ್ಣಿಗೆ ರಕ್ಷಾ ಕನ್ನಡಕ, ಹೊಡೆದವನಿಗಷ್ಟೇ ಅಲ್ಲ, ಟಾರ್ಚ್ ಹಿಡಿದವನಿಗೂ ಬೇಕು. ಸತ್ತ ಇಲಿಯನ್ನು ತಿಪ್ಪೆಗೆ ಎಸೆದರೆ ಅದರೊಳಗಿನ ಸೀಸ ಬೆಕ್ಕಿಗೋ ಹದ್ದಿಗೋ ಗೂಬೆಗೋ ಸೇರುತ್ತದೆ, ಇಲಿಯ ಮೂತ್ರದಿಂದ ಹರಡುವ ಇಲಿಜ್ವರದ ಭಯವೂ ಇದೆ. ಕೈಗವಸು ಹಾಕಿ ಎತ್ತಿ, ಆಳವಾಗಿ ಹೂತು, ಕೈ ತೊಳೆದುಕೊಳ್ಳಬೇಕು.